ಒಂದು ಮಗುವಿಗೆ ನಾಲ್ಕು ಸ್ಕರ್ಟ್

ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದರೆ ಕೆಲವರಿಗೆ ಹಬ್ಬ ನೆನಪಾಗುತ್ತದಂತೆ. ನನಗೆ ಕೂತಲ್ಲಿ ಕೂರಲಾಗದಂಥ ಕಸಿವಿಸಿ ಶುರುವಾಗುತ್ತದೆ. ಕಳೆದ ಸಲ ದೋಹಾಕ್ಕೆ ಹೋದಾಗಲೂ ಹಾಗೇ ಆಯಿತು. ಲುಸೈಲ್‌ನಲ್ಲಿ ಕೆಲಸಕ್ಕಿರುವ ಮಗಳು ಒಂದು ಶುಕ್ರವಾರ ಕುಚ್ಚಲಕ್ಕಿ, ಬಂಗುಡೆ ತರೋಣವೆಂದು ನಾವು ಹಿಂದೆ ಇದ್ದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಕಡೆಗೆ ಕಾರು ತಿರುಗಿಸಿದ್ದಳು. ಅವಳು ದಿನಸಿ ಅಂಗಡಿಗೆ ಹೊಕ್ಕಾಗ ನಾನು ಹೊರಗೆ ನಿಂತಿದ್ದೆ. ಪಕ್ಕದ ಟೈಲರ್ ಅಂಗಡಿಯವನು ಮೇಜಿನ ಮೇಲೆ ಒಂದು ಥಾನು ಬಿಚ್ಚಿ ಹರಡಿದ. ಕೆಂಪು, ಕಡುಹಸಿರು, ನೀಲಿ ಗೆರೆಗಳ ಚೌಕಳಿ ಬಟ್ಟೆ. ಬಾಗಿಲು ತೆರೆದೇ ಇತ್ತು, ವಾಸನೆ ಸೀದಾ ಬಂತು. ನಾನು ಅಲ್ಲಿಂದ ಸರಿದು ರಸ್ತೆಯ ಆಚೆ ಬದಿಗೆ ಹೋಗಿ ನಿಂತೆ. ಮಗಳು ಚೀಲ ಹಿಡಿದುಕೊಂಡು ಬಂದವಳು ಯಾಕೆ ಇಲ್ಲಿಗೆ ಬಂದೆ ಎಂದು ಕೇಳಿದಳು. ಬಿಸಿಲು ಎಂದೆ. ಫೆಬ್ರವರಿಯಲ್ಲಿ ಎಂಥ ಬಿಸಿಲು ಎಂದು ಅವಳು ನಕ್ಕಳು.

ಆ ಕಸಿವಿಸಿ ನನಗೆ ಅಂಟಿದ್ದು ಎರಡು ಸಾವಿರದ ಏಳನೇ ಇಸವಿಯಲ್ಲಿ. ಆ ವರ್ಷ ದೋಹಾದಲ್ಲಿ ನಿಂತಲ್ಲಿ ನಿಂತಿದ್ದದ್ದು ಯಾವುದೂ ಇರಲಿಲ್ಲ. ನಿನ್ನೆ ನಡೆದು ಹೋದ ರಸ್ತೆಯನ್ನು ಇವತ್ತು ಅಗೆದು ಹಾಕುತ್ತಿದ್ದರು. ಎಲ್ಲಿ ಕತ್ತೆತ್ತಿದರೂ ಕ್ರೇನು. ದಿನವೂ ಹೊಸಬರು ಬಂದು ಇಳಿಯುತ್ತಿದ್ದರು, ಬಂದವರಿಗೆಲ್ಲ ಮನೆ ಬೇಕು, ಮನೆಗಳು ಮಾತ್ರ ಇದ್ದಷ್ಟೇ. ಓಲ್ಡ್ ಏರ್‌ಪೋರ್ಟಿನ ನಮ್ಮ ಕಟ್ಟಡ ವಿಮಾನದ ದಾರಿಗೇ ಇತ್ತು. ಚಕ್ರ ಬಿಚ್ಚಿಕೊಂಡು ಇಳಿಯುವ ವಿಮಾನ ನಮ್ಮ ತಾರಸಿಗೆ ತಾಗುತ್ತದೋ ಎನ್ನುವ ಹಾಗೆ ಹೋಗುತ್ತಿತ್ತು. ಒಂದೊಂದು ವಿಮಾನ ಇಳಿದಾಗಲೂ ನಮ್ಮ ಮನೆಯವರು, 'ಇನ್ನೊಂದಿಷ್ಟು ಜನ ಬಂದ್ರು, ಬಾಡಿಗೆ ಇನ್ನೊಂದಿಷ್ಟು ಏರಿತು' ಎನ್ನುತ್ತಿದ್ದರು. ತಮಾಷೆಗೆ ಹೇಳುತ್ತಿದ್ದದ್ದು ಜನವರಿಯ ಹೊತ್ತಿಗೆ ತಮಾಷೆಯಾಗಿ ಉಳಿಯಲಿಲ್ಲ. ಕಟ್ಟಡದ ಮಾಲೀಕರ ಕಡೆಯವನು ಬಂದು, ಜೂನ್ ಕೊನೆಗೆ ಕರಾರು ಮುಗಿಯುತ್ತದೆ, ಆಮೇಲೆ ಬಾಡಿಗೆ ಈಗಿನ ದುಪ್ಪಟ್ಟು, ಬೇಕಾದರೆ ಇರಿ, ಇಲ್ಲವಾದರೆ ಖಲಾಸ್ ಎಂದು ಹೇಳಿ ಹೋದ.

ಅಂಥ ನೋಟಿಸು ಬಂದ ಮನೆಗಳಲ್ಲಿ ಮುಂದೇನಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸುವುದು, ಗಂಡಸು ಬ್ಯಾಚುಲರ್ ರೂಮಿನಲ್ಲಿ ಒಂದು ಮಂಚ ಹಿಡಿಯುವುದು. ನಮ್ಮ ಕಟ್ಟಡದಲ್ಲೇ ಎರಡು ಸಂಸಾರಗಳು ಹಾಗೆ ಒಡೆದಿದ್ದವು. ಹೋಗುವಾಗ ಎಲ್ಲರೂ ಹೇಳುವುದು ಒಂದೇ ಮಾತು, ಬಾಡಿಗೆ ಇಳಿದ ಕೂಡಲೇ ವಾಪಸ್ ಬರುತ್ತೇವೆ ಎಂದು. ನಮ್ಮ ಮನೆಯವರು ಈ ಸಂಗತಿಯನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಒಂದು ದಿನ ಊಟಕ್ಕೆ ಕೂತಾಗ, ಊರಿನಲ್ಲಿ ಒಳ್ಳೆ ಕಾನ್ವೆಂಟುಗಳು ಉಂಟಲ್ಲ ಎಂದರು. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಮದುವೆಯಾದ ಮೇಲೆ ನಾಲ್ಕು ವರ್ಷ ನಾನು ಊರಲ್ಲಿ, ಅವರು ಅಲ್ಲಿ. ಮಗಳು ಅನುಷಾ ಅಪ್ಪನನ್ನು ಮೊದಲು ಗುರುತಿಸಿದ್ದೇ ಫೋನಿನ ದನಿಯಿಂದ. ಅದೆಲ್ಲ ಮತ್ತೆ ನನ್ನಿಂದಾಗದು ಎಂದು ಅವರ ಮುಖಕ್ಕೇ ಹೇಳಿದೆ. ಆಗ ಅನುಷಾಳಿಗೆ ಎಂಟು ವರ್ಷ, ಮೂರನೇ ಕ್ಲಾಸಿಗೆ ಹೋಗುವವಳಿದ್ದಳು.

ನಮ್ಮವರು ಕೆಲಸ ಮಾಡುತ್ತಿದ್ದದ್ದು ಇದಿನಬ್ಬ ಹಾಜಿಯವರ ಬಟ್ಟೆ ಅಂಗಡಿಯಲ್ಲಿ. ಹಾಜಿಯವರು ನಮ್ಮ ಮಂಗಳೂರು ಕಡೆಯ ಉಳ್ಳಾಲದವರು, ದೋಹಾ ಪೇಟೆಯ ಒಂದು ಓಣಿಯಲ್ಲಿ ಅಂಗಡಿ ತೆರೆದು ತಲೆಗೂದಲು ಬೆಳ್ಳಗಾಗುವಷ್ಟು ಕಾಲವಾಗಿತ್ತು. ಶಾಲೆಯ ಯೂನಿಫಾರ್ಮ್ ಬಟ್ಟೆಯೆಂದರೆ ಅವರದ್ದೇ ಅಂಗಡಿ. ನಾನು ಮನೆಯಲ್ಲಿ ಕೂತು ಆಚೀಚೆಯ ಮಕ್ಕಳಿಗೆ ಅದೇ ಬಟ್ಟೆಯನ್ನು ಹೊಲಿಯುತ್ತಿದ್ದೆ. ಅಂಗಡಿಯ ಮೇಲ್ಗಡೆ ಎರಡು ಕೋಣೆಗಳಿದ್ದವು, ಹಳೆಯ ಸರಕು ತುಂಬಿಕೊಂಡು ಬಾಗಿಲು ತೆರೆಯಲಾಗದ ಸ್ಥಿತಿಯಲ್ಲಿ. ನಮ್ಮ ಬಾಡಿಗೆಯ ಸುದ್ದಿ ಕೇಳಿದ ಹಾಜಿಯವರು ಒಂದು ದಿನ ತಾವಾಗಿಯೇ ಹೇಳಿದರಂತೆ. ಈ ಸಲದ ಯೂನಿಫಾರ್ಮ್ ಸೀಸನ್ ಚೆನ್ನಾಗಿ ಹೋದರೆ ಆ ಕೋಣೆ ಖಾಲಿ ಮಾಡಿಸುತ್ತೇನೆ, ನೀವು ಮೂವರು ಬಂದಿರಿ, ಈಗ ಕೊಡುವಷ್ಟೇ ಬಾಡಿಗೆ ಕೊಡಿ, ಇನ್ಶಾ ಅಲ್ಲಾ. ಅಂದಿನಿಂದ ಆ ಎರಡು ಕೋಣೆಗಳು ನನ್ನ ತಲೆಯೊಳಗೆ ಬಂದು ಕೂತವು. ಎಲ್ಲಿ ಒಲೆ, ಎಲ್ಲಿ ಮೆಶಿನ್ನು, ಕಿಟಕಿಗೆ ಯಾವ ಪರದೆ ಎಂದು ಮನಸ್ಸಿನಲ್ಲೇ ಸಂಸಾರ ಹೂಡಿಬಿಟ್ಟೆ.

ಆ ವರ್ಷದ ಫೆಬ್ರವರಿಯಲ್ಲಿ ಅನುಷಾಳ ಶಾಲೆಯಿಂದ ಸುತ್ತೋಲೆ ಬಂತು. ಹೆಣ್ಣುಮಕ್ಕಳ ಬೂದು ಬಣ್ಣದ ಸ್ಕರ್ಟು ಇನ್ನಿಲ್ಲ, ಏಪ್ರಿಲ್‌ನಿಂದ ಟಾರ್ಟನ್ ಎಂದು ಬರೆದು ಬೆರಳುದ್ದದ ಬಟ್ಟೆ ಚೂರು ಅಂಟಿಸಿದ್ದರು. ಟಾರ್ಟನ್ ಎನ್ನುವುದು ಶಾಲೆಯವರ ಬಾಯಲ್ಲಿ ಮಾತ್ರ, ನಮಗೆಲ್ಲ ಅದು ಚೆಕ್ಸ್. ಹಾಜಿಯವರಿಗೆ ಸುಳಿವು ಮೊದಲೇ ಸಿಕ್ಕಿತ್ತು. ಹಿಂದಿನ ವರ್ಷ ಎಷ್ಟು ಬೂದು ಬಟ್ಟೆ ಹೋಗಿತ್ತೋ ಅಷ್ಟೇ ಚೆಕ್ಸ್ ತರಿಸಿ ಇಟ್ಟಿದ್ದರು. ಲೆಕ್ಕ ತಪ್ಪಿದ್ದು ಅಲ್ಲಿ. ಒಂದು, ದೋಹಾ ತುಂಬಿದ ಹಾಗೆ ಶಾಲೆಯೂ ತುಂಬಿ ಪ್ರತಿ ಕ್ಲಾಸಿಗೂ ಹೊಸ ಸೆಕ್ಷನ್ ಸೇರಿಸಿದ್ದರು. ಇನ್ನೊಂದು, ಚೆಕ್ಸ್ ಬಟ್ಟೆಯನ್ನು ಬೂದು ಬಟ್ಟೆಯ ಹಾಗೆ ಕತ್ತರಿಸಲು ಬರುವುದಿಲ್ಲ. ಗೆರೆಗೆ ಗೆರೆ ಸೇರಬೇಕು, ಪ್ರತಿ ನೆರಿಗೆಯ ಮೇಲೂ ಅದೇ ಕೆಂಪು ಗೆರೆ ಬರಬೇಕು, ಇಲ್ಲವಾದರೆ ಮಗು ಓರೆಯಾಗಿ ನಿಂತ ಹಾಗೆ ಕಾಣುತ್ತದೆ. ಹಾಗಾಗಿ ಒಂದು ಸ್ಕರ್ಟಿಗೆ ಕಾಲು ಭಾಗ ಬಟ್ಟೆ ಜಾಸ್ತಿ ಹೋಗುತ್ತದೆ, ಉಳಿದ ಚೂರು ಯಾವುದಕ್ಕೂ ಆಗುವುದಿಲ್ಲ. ಮೊದಲ ಲೋಡು ಮಾರ್ಚ್ ಅರ್ಧವಾಗುವ ಮೊದಲೇ ಮುಕ್ಕಾಲು ಖಾಲಿಯಾಯಿತು.

ಮೀಟರಿಗೆ ಎಂಟು ರಿಯಾಲಿಗೆ ಶುರುವಾದದ್ದು ಹನ್ನೆರಡಾಯಿತು, ಹದಿನೆಂಟಾಯಿತು. ಜನ ಬೈದರು, ಬೈಯುತ್ತಲೇ ಕೊಂಡರು. ಒಬ್ಬಾಕೆ ಹದಿನೆಂಟು ಜಾಸ್ತಿಯಾಯಿತೆಂದು ಸಿಟ್ಟು ಮಾಡಿಕೊಂಡು ಮನೆಗೆ ಹೋಗಿ, ಮಾರನೇ ದಿನ ಬಂದು ಇಪ್ಪತ್ತೆರಡು ಕೊಟ್ಟು ಕೊಂಡುಹೋದಳು. ಬೆಲೆ ಏರಿದಷ್ಟೂ ಜನ ಹಿಂದೆ ಸರಿಯುತ್ತಾರೆ ಎಂದು ನಾನು ತಿಳಿದಿದ್ದೆ. ಇಲ್ಲಿ ಏರಿದಷ್ಟೂ ನಾಳೆ ಸಿಗುವುದೇ ಇಲ್ಲವೇನೋ ಎಂದು ಇನ್ನಷ್ಟು ನುಗ್ಗಿದರು. ನಮ್ಮವರು ಮಧ್ಯಾಹ್ನದ ಊಟಕ್ಕೂ ಬರುತ್ತಿರಲಿಲ್ಲ. ರಾತ್ರಿ ಬಂದರೆ ಮುಖದಲ್ಲಿ ಗೆಲುವು. ಹಾಜಿಯವರು ಮೇಲಿನ ಕೋಣೆಯ ಹಳೆಯ ಸರಕನ್ನು ಬದಿಗೆ ಸರಿಸಲು ಹೇಳಿದ್ದಾರೆ ಎಂದರು. ನಾನು ಮರುದಿನವೇ ಹೋಗಿ ಪರದೆಯ ಅಳತೆ ತೆಗೆದುಕೊಂಡು ಬಂದೆ.

ಇಷ್ಟಾಗುವಾಗ ಅಮ್ಮಂದಿರು ಸುಮ್ಮನೆ ಕೂರುತ್ತಾರೆಯೇ? ಮಂಗಳೂರಿನ ಒಂದು ದೊಡ್ಡ ಕಾನ್ವೆಂಟಿನಲ್ಲೂ ಇದೇ ಚೆಕ್ಸ್ ಎಂದು ಯಾರೋ ಕಂಡುಹಿಡಿದರು. ಎರಡು ಶಾಲೆಯವರೂ ಒಂದೇ ಗಿರಣಿಯ ಸ್ಯಾಂಪಲ್ ನೋಡಿ ಆರಿಸಿದ್ದರು ಎಂದು ತೋರುತ್ತದೆ. ಅಲ್ಲಿನ ಹಂಪನಕಟ್ಟೆಯ ಅಂಗಡಿಗಳಲ್ಲಿ ಜೂನ್ ತಿಂಗಳಿಗೆಂದು ಬಟ್ಟೆ ಬಂದು ಬಿದ್ದಿತ್ತು, ಅದೂ ಊರಿನ ಬೆಲೆಗೆ. ಅಷ್ಟು ತಿಳಿದದ್ದೇ ತಡ, ಓಲ್ಡ್ ಏರ್‌ಪೋರ್ಟಿನಿಂದ ಅಲ್ ಥುಮಾಮಾದವರೆಗೆ ಎಲ್ಲ ಮನೆಗಳಿಂದಲೂ ಊರಿಗೆ ಫೋನು ಹೋಯಿತು. ಬರುವವರು ಯಾರಾದರೂ ಇದ್ದಾರಾ?

ಕೊಲ್ಲಿಯಲ್ಲಿ ಇದ್ದವರಿಗೆ ಈ ಪ್ರಶ್ನೆಯ ಬಲ ಗೊತ್ತು. ಊರಿನಿಂದ ಯಾರಾದರೂ ಬರುತ್ತಾರೆ ಎಂದಾದರೆ ಅವರ ಪೆಟ್ಟಿಗೆಯಲ್ಲಿ ಅವರ ಬಟ್ಟೆಗಿಂತ ಹೆಚ್ಚು ನಮ್ಮ ಹಪ್ಪಳ, ಉಪ್ಪಿನಕಾಯಿ, ಕಷಾಯದ ಪುಡಿ ಇರುತ್ತದೆ. ಆದರೆ ಒಬ್ಬರಿಗೇ ಹೇಳಿ ನೆಚ್ಚಿಕೊಂಡು ಕೂರುವ ಹಾಗಿಲ್ಲ. ಮುಂಬೈ ವಿಮಾನ ನಿಲ್ದಾಣದಲ್ಲಿ ತೂಕ ಜಾಸ್ತಿಯಾಯಿತೆಂದು ನಮ್ಮ ಕಟ್ಟನ್ನೇ ಮೊದಲು ತೆಗೆದು ಹೊರಗಿಡುತ್ತಾರೆ. ಅದಕ್ಕಾಗಿ ಮೂರು ನಾಲ್ಕು ಜನರಿಗೆ ಹೇಳಿಡುವುದು, ಒಬ್ಬರದ್ದಾದರೂ ತಲುಪಲಿ ಎಂದು. ಒಬ್ಬರದ್ದು ತಲುಪಿದ ಮೇಲೆ ಉಳಿದವರಿಗೆ ಬೇಡ ಎನ್ನಬಹುದಲ್ಲ ಎಂದರೆ, ಅದೂ ಆಗದು. ಹೇಳಿ ಆಮೇಲೆ ಬೇಡ ಎಂದರೆ ಮುಖ ಊದಿಸಿಕೊಳ್ಳುತ್ತಾರೆ, ಮುಂದಿನ ಸಲ ಹಪ್ಪಳವೂ ಬರುವುದಿಲ್ಲ. ಜೊತೆಗೆ ಎಲ್ಲರೂ ಹಾಜಿಯವರ ಅಂಗಡಿಗೂ ಫೋನು ಮಾಡಿ, ಇದ್ದದ್ದರಲ್ಲಿ ನಮಗೊಂದು ತೆಗೆದಿಡಿ, ಇಲ್ಲವಾದರೆ ಹೊಸ ಲೋಡಿನದ್ದು ಕೊಡಿ ಎಂದು ಹೆಸರು ಬರೆಸುತ್ತಿದ್ದರು. ನಾನೇನು ಕಡಿಮೆಯೇ? ಅಂಗಡಿಯಲ್ಲೇ ಗಂಡ ಇದ್ದರೂ, ನನ್ನ ಅಕ್ಕ ವನಜಳಿಗೆ ಹೇಳಿದ್ದೆ, ನಮ್ಮವರ ದೊಡ್ಡಪ್ಪನ ಮಗನಿಗೂ ಹೇಳಿದ್ದೆ.

ಇದರ ಒಟ್ಟು ಅರ್ಥ ನನಗೆ ಹೊಳೆದದ್ದು ಮಾರ್ಚ್ ಕೊನೆಯಲ್ಲಿ, ಮಂಚದ ಮೇಲೆ ಬಿದ್ದಿದ್ದ ಬಟ್ಟೆಯ ಕಟ್ಟುಗಳನ್ನು ನೋಡಿ. ಮೇಲಿನ ಮನೆಯ ನಸೀಮಾ ತನ್ನ ಮಗಳು ಶಬಾನಾಳ ಸ್ಕರ್ಟಿಗೆಂದು ಅಂಗಡಿಯ ಬಟ್ಟೆ ತಂದುಕೊಟ್ಟಿದ್ದಳು. ಅದನ್ನು ಕತ್ತರಿಸುವ ಮೊದಲೇ ಅಲ್ ಥುಮಾಮಾದ ಒಬ್ಬರು ಬಂದು, ನಸೀಮಾಳ ಮಗಳಿಗೆ ಊರಿಂದ ತಂದದ್ದು, ನೀವೇ ಹೊಲಿಯುವುದಂತೆ ಎಂದು ಇನ್ನೊಂದು ಕಟ್ಟು ಇಟ್ಟು ಹೋದರು. ವಾರ ಕಳೆಯುವಷ್ಟರಲ್ಲಿ ಅವಳ ತಮ್ಮನ ಕಡೆಯಿಂದ ಮೂರನೆಯದು ಬಂತು. ನಸೀಮಾಳನ್ನು ಕರೆದು ತೋರಿಸಿದೆ. ಅವಳು ಕೂತು ನಕ್ಕಳು. ಇನ್ನೊಂದು ಬರಲಿಕ್ಕುಂಟು ಜಯಕ್ಕ, ಅತ್ತೆ ಕೈಯಲ್ಲಿ ಎಂದಳು. ಅಂಗಡಿಯಲ್ಲಿ ಬರೆಸಿದ ಹೆಸರು ತೆಗೆಸಿದಿಯಾ ಎಂದು ಕೇಳಿದೆ. ತೆಗೆಸಿರಲಿಲ್ಲ, ಇರಲಿ ಅಂತ.

ಅವಳು ನಗುತ್ತಿದ್ದರೆ ನಾನು ಕಟ್ಟುಗಳನ್ನು ಮತ್ತೊಮ್ಮೆ ಎಣಿಸಿದೆ. ಹಾಜಿಯವರ ಅಂಗಡಿಯಲ್ಲಿ ಇಡೀ ದಿನ ಬಡಿದುಕೊಳ್ಳುತ್ತಿದ್ದ ಆ ಫೋನು ಇಂಥವರದ್ದೇ. ಹೊರಗಿನಿಂದ ನೋಡಿದರೆ ನಾಲ್ಕು ಸ್ಕರ್ಟಿಗೆ ಗಿರಾಕಿ, ಮನೆಯೊಳಗೆ ಹೋಗಿ ನೋಡಿದರೆ ಒಂದೇ ಮಗು. ಅಷ್ಟರಲ್ಲಿ ಹಾಜಿಯವರು ಎರಡನೇ ಲೋಡಿಗೆ ಹೇಳುವವರಿದ್ದರು, ಮೊದಲಿನದರ ಎರಡು ಪಾಲು. ಗಿರಣಿಯವರು ಒಂದು ನಮೂನೆಯನ್ನು ಮಗ್ಗಕ್ಕೆ ಏರಿಸಿದರೆ ಒಟ್ಟಿಗೆ ನೇಯ್ದು ಇಳಿಸುತ್ತಾರೆ, ಆಮೇಲೆ ಮತ್ತೆ ಏರಿಸಲು ತಿಂಗಳುಗಟ್ಟಲೆ ಬೇಕು. ಬೇಕಾದವರು ಈಗಲೇ ಪೂರ್ತಿ ಹಣ ಕಟ್ಟಬೇಕು ಎಂದಿದ್ದರಂತೆ. ರಾತ್ರಿ ನಮ್ಮವರಿಗೆ ಹೇಳಿದೆ. ನಿನಗೆ ಹೊಲಿಗೆ ಗೊತ್ತು, ವ್ಯಾಪಾರ ಗೊತ್ತಿಲ್ಲ ಎಂದರು. ನನಗೂ ಪೂರ್ತಿ ಧೈರ್ಯವಿರಲಿಲ್ಲ. ನನ್ನ ಮಾತು ಕೇಳಿ ಹಾಜಿಯವರು ಲೋಡು ತರಿಸದೆ ಬಿಟ್ಟು, ಆಮೇಲೆ ನನ್ನ ಮಾತೇ ತಪ್ಪಾದರೆ ಸೀಸನ್ ಹೋಯಿತು, ಕೋಣೆಯೂ ಹೋಯಿತು. ತರಿಸಿ ನನ್ನ ಮಾತು ಸರಿಯಾದರೂ ಅದೇ ಗತಿ. ಎರಡು ದಿನ ಮೆಶಿನ್ನಿನ ಮುಂದೆ ಕೂತು ಏಳುವುದು, ಎದ್ದು ಕೂರುವುದು, ಇಷ್ಟೇ ಮಾಡಿದೆ. ಒಂದು ಸ್ಕರ್ಟಿನ ನೆರಿಗೆ ಉಲ್ಟಾ ಹಿಡಿದು ಪೂರ್ತಿ ಬಿಚ್ಚಬೇಕಾಯಿತು. ಮೂರನೇ ದಿನ ಅಂಗಡಿಗೆ ಹೋದೆ.

ಹಾಜಿಯವರು ನನಗೆ ಕುರ್ಚಿ ಹಾಕಿಸಿ ಚಹಾ ತರಿಸಿದರು. ಶಬಾನಾಳ ಸಂಗತಿ ಹೇಳಿದೆ, ನನ್ನ ಮನೆಯದ್ದನ್ನೂ ಹೇಳಿದೆ. ಕೇಳುತ್ತಾ ಗಡ್ಡ ನೀವಿಕೊಂಡರು. ಅಷ್ಟರಲ್ಲಿ ಫೋನು ಹೊಡೆಯಿತು. ಅವರು ಎತ್ತಿ ಮಾತಾಡಿ, ಹೆಸರು ಬರೆದುಕೊಂಡು, ನನ್ನ ಕಡೆ ತಿರುಗಿದರು.

"ಕೇಳಿದಿಯಲ್ಲ ಜಯಂತಿ? ಬೆಳಿಗ್ಗಿಂದ ಇದು ಹೀಗೇ ಹೊಡೀತಾ ಉಂಟು. ಇವರೆಲ್ಲ ಸುಮ್ಮನೆ ಫೋನ್ ಮಾಡ್ತಾರಾ?"

"ಸುಮ್ಮನೆ ಅಲ್ಲ ಹಾಜಿಯವರೇ. ಹೆದರಿ ಮಾಡ್ತಾರೆ. ಕೈಗೆ ಒಂದು ಬಂದ ಮೇಲೆ ನಿಮ್ಮ ಫೋನ್ ಎತ್ತುವುದಿಲ್ಲ."

ಅವರು ನಕ್ಕರು. ತಾತ್ಸಾರದಿಂದ ನಗಲಿಲ್ಲ, ಮಕ್ಕಳ ಮಾತು ಕೇಳಿ ನಗುವ ಹಾಗೆ ನಕ್ಕರು. ಆ ಸಂಜೆಯೇ ಹಣ ಕಟ್ಟಿದರು.

ಏಪ್ರಿಲ್ ಬಂತು, ಧೂಳೂ ಬಂತು. ಬಟ್ಟೆ ಸಿಗದವರೇ ಹೆಚ್ಚಿರುವುದರಿಂದ ಮೇ ಕೊನೆಯವರೆಗೆ ಹಳೆಯ ಸ್ಕರ್ಟೇ ನಡೆಯುತ್ತದೆ ಎಂದು ಶಾಲೆಯವರು ಇನ್ನೊಂದು ಸುತ್ತೋಲೆ ಕಳಿಸಿದರು. ಅವಸರ ಇಳಿಯಿತು. ಅತ್ತ ಮೇಲಿನಿಂದ ವಿಮಾನಗಳು ಇಳಿಯುತ್ತಲೇ ಇದ್ದವು, ಒಂದೊಂದರ ಹೊಟ್ಟೆಯಲ್ಲೂ ಎಷ್ಟು ಚೆಕ್ಸ್ ಇತ್ತೋ ದೇವರಿಗೇ ಗೊತ್ತು. ಯಾವ ಅಂಗಡಿಯ ಲೆಕ್ಕಕ್ಕೂ ಸಿಗದೆ, ಹಪ್ಪಳದ ಕಟ್ಟಿನ ಅಡಿಯಲ್ಲಿ, ಲುಂಗಿಯ ಮಡಿಕೆಯಲ್ಲಿ ಬಟ್ಟೆ ದೋಹಾದೊಳಗೆ ನುಸುಳಿತು. ಮೊದಲು ಅಂಗಡಿಯ ಫೋನು ಕಡಿಮೆಯಾಯಿತು. ಆಮೇಲೆ ಹೆಸರು ಬರೆಸಿದವರಿಗೆ ನಮ್ಮವರೇ ಫೋನು ಮಾಡಿದರೆ, ಮಗುವಿಗೆ ಪರೀಕ್ಷೆ, ಮುಂದಿನ ವಾರ ಬರುತ್ತೇವೆ ಎಂದರು. ಪರೀಕ್ಷೆ ಮುಗಿದು ತಿಂಗಳಾಗಿತ್ತು. ಆಮೇಲೆ ಅಮ್ಮಂದಿರೇ ಒಬ್ಬರಿಗೊಬ್ಬರು ಮಾರಲು ಹೊರಟರು, ಹತ್ತು ರಿಯಾಲಿಗೆ ಕೊಡುತ್ತೇನೆ, ಎಂಟಕ್ಕೆ ಕೊಡುತ್ತೇನೆ ಎಂದು. ಕೊನೆಗೆ ಸುಮ್ಮನೆ ಕೊಟ್ಟರೂ ಬೇಡವಾಯಿತು. ನಸೀಮಾ ಊಟದ ಮೇಜಿಗೆ ಹಾಸಿದಳು, ದಿಂಬಿಗೆ ಕವರ್ ಮಾಡಿಸಿದಳು. ಆ ಬೇಸಿಗೆಯಲ್ಲಿ ಯಾರ ಮನೆಗೆ ಹೋದರೂ ಅದೇ ಕೆಂಪು ಹಸಿರು ಚೌಕಳಿ ಎದುರಾಗಿ, ನನಗೆ ಕಣ್ಣು ಮುಚ್ಚಿದರೂ ಗೆರೆಗಳು ಕಾಣುತ್ತಿದ್ದವು. ಹಾಜಿಯವರು ಹೆಸರು ಬರೆಸಿದವರಿಗೆಂದು ತೆಗೆದಿಟ್ಟು ಉಳಿದದ್ದಕ್ಕೆ ಐದು ರಿಯಾಲ್ ಎಂದು ಚೀಟಿ ಅಂಟಿಸಿದರು. ಆ ಚೀಟಿಯನ್ನು ನೋಡಿದ ಒಬ್ಬಾಕೆ, ಇಪ್ಪತ್ತೆರಡು ಕೊಟ್ಟವಳು, ಹೊರಗೆ ನಿಂತೇ ಹಿಡಿಶಾಪ ಹಾಕಿ ಹೋದಳಂತೆ.

ಎರಡನೇ ಲೋಡು ಆಗ ಮುಂಬೈಗೆ ಬಂದು ಗೋಡೌನಿನಲ್ಲಿ ಬಿದ್ದಿತ್ತು. ಹಡಗಿಗೆ ಹಾಕಿದರೆ ಅದರ ಖರ್ಚೂ ದಂಡ ಎಂದು ಹಾಜಿಯವರು ತಡೆಹಿಡಿದರು. ನಮ್ಮವರು ಸಂಜೆಗೇ ಮನೆಗೆ ಬರತೊಡಗಿದರು. ಬಂದು ಟಿವಿ ಹಾಕಿ ಅದನ್ನು ನೋಡದೆ ಕೂರುತ್ತಿದ್ದರು. ನೀನು ಹೇಳಿದ್ದೇ ಸರಿಯಾಯಿತು ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನನಗೆ ಖುಷಿಯಾಗುತ್ತಿತ್ತು ಎಂದೂ ಅಲ್ಲ. ನನ್ನ ಮಾತು ತಪ್ಪಾಗಿ, ಆ ಬಟ್ಟೆ ಮಾರಿಹೋಗಿ, ಕೋಣೆ ಸಿಕ್ಕಿದ್ದರೆ ಸಾಕಿತ್ತು. ಮೇಲಿನ ಕೋಣೆಯ ಮಾತು ಅಂಗಡಿಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಾನು ಎದ್ದರೆ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಮತ್ತೆ ಮೆಶಿನ್ನಿಗೆ ಓಡಾಡುತ್ತಿದ್ದೆ. ಹೊಲಿಯಲು ಏನೂ ಇರಲಿಲ್ಲ. ಎಸಿಯ ಸದ್ದು ಕೇಳಿದರೂ ಸಿಟ್ಟು ಬರುತ್ತಿತ್ತು, ಅದು ನಿಂತರೆ ಇನ್ನೂ ಸಿಟ್ಟು.

ಆಗ ವನಜಕ್ಕ ಫೋನು ಮಾಡಿದಳು. ಮೇ ತಿಂಗಳ ಒಂದು ಮಧ್ಯಾಹ್ನ. ಬೇರೇನೋ ಮಾತಾಡುತ್ತಾ, ಅವಳ ಮಗಳು ಹೋಗುವ ಆ ಚೆಕ್ಸಿನ ಕಾನ್ವೆಂಟಿನ ಅಮ್ಮಂದಿರೆಲ್ಲ ತಲೆಗೆ ಕೈಹೊತ್ತು ಕೂತಿದ್ದಾರೆ ಎಂದಳು. ಜೂನ್‌ನಲ್ಲಿ ಶಾಲೆ ಶುರುವಾಗುತ್ತದೆ, ಇಡೀ ಹಂಪನಕಟ್ಟೆ ಸುತ್ತಿದರೂ ಚೆಕ್ಸ್ ಬಟ್ಟೆ ಇಲ್ಲ. ಇದ್ದದ್ದನ್ನೆಲ್ಲ ನಿಮ್ಮ ಕೊಲ್ಲಿಯವರು ಬಳಿದುಕೊಂಡು ಹೋದರಂತೆ, ಗಿರಣಿಯಲ್ಲೂ ಇಲ್ಲವಂತೆ, ಯಾರೋ ದೊಡ್ಡ ಪಾರ್ಟಿ ಪೂರ್ತಿ ಎತ್ತಿದ್ದಾರಂತೆ. ಆ ದೊಡ್ಡ ಪಾರ್ಟಿ ಯಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಮುಂದಿನ ಮಾತು ಕೇಳದೆ ಫೋನು ಇಟ್ಟುಬಿಟ್ಟೆ. ನಡುಮಧ್ಯಾಹ್ನದ ಬಿಸಿಲಿಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ನಾನು ಟ್ಯಾಕ್ಸಿಗೂ ಕಾಯದೆ ಅಂಗಡಿಯವರೆಗೆ ನಡೆದೆ, ಚಪ್ಪಲಿಯ ಅಡಿ ಬಿಸಿಗೆ ಅಂಟುತ್ತಿತ್ತು.

ಹಾಜಿಯವರು ಈ ಸಲ ನಗಲಿಲ್ಲ. ಲೋಡನ್ನು ಮುಂಬೈಯಿಂದ ಲಾರಿಗೆ ಹಾಕಿ ಮಂಗಳೂರಿಗೆ ಇಳಿಸಿದರೆ ಅಲ್ಲಿ ನಿಂತು ಮಾರುವವರು ಯಾರು ಎಂದು ಕೇಳಿದರು. ನಾನು ಎಂದೆ. ನಮ್ಮವರು ಥಾನು ಸುತ್ತುತ್ತಿದ್ದ ಕೈ ನಿಲ್ಲಿಸಿದರು. ಕೇಳಬೇಕಾದದ್ದನ್ನು ನಾನು ಆಗಲೇ ಕೇಳಿದೆ, ಬಟ್ಟೆ ಖಾಲಿಯಾದರೆ ಮೇಲಿನ ಕೋಣೆ? ಹಾಜಿಯವರು ಮೇಲೆ ನೋಡಿ ಇನ್ಶಾ ಅಲ್ಲಾ ಎಂದರು, ಯಲ್ಲಾ, ಹೊರಡಲಿ, ಟಿಕೆಟ್ ಮಾಡಿಸು ಎಂದು ನಮ್ಮವರಿಗೆ ಹೇಳಿದರು. ಆ ಮಾತನ್ನು ನಾನು ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ.

ಮನೆ ಬಿಡುವಾಗ ನಾನೂ ಮಗಳೂ ಎರಡೇ ಪೆಟ್ಟಿಗೆ ಹಿಡಿದದ್ದು. ಒಂದು ತಿಂಗಳ ಕೆಲಸ ಅಷ್ಟೇ ಎಂದು ಅನುಷಾಳಿಗೆ ಹೇಳಿದ್ದೆ. ಅವಳು ಗೊಂಬೆಯನ್ನು ಮಂಚದ ಮೇಲೆ ಮಲಗಿಸಿ ಹೊದಿಕೆ ಹೊದೆಸಿ ಬಂದಳು. ವಿಮಾನ ನಿಲ್ದಾಣದಲ್ಲಿ ನಮ್ಮವರು ಅವಳ ತಲೆ ಸವರಿ, ನನ್ನ ಕಡೆ ನೋಡಿ, ಜಾಗ್ರತೆ ಎಂದರು. 

ಮಂಗಳೂರಿನ ಬಿಜೈಯಲ್ಲಿ ವನಜಕ್ಕನ ಮನೆಯ ಜಗಲಿಯಲ್ಲಿ ಥಾನುಗಳನ್ನು ಸೀಲಿಂಗ್ ಮುಟ್ಟುವಷ್ಟು ಪೇರಿಸಿದೆವು. ಸುದ್ದಿ ಹರಡಲು ಒಂದು ದಿನವೂ ಬೇಕಾಗಲಿಲ್ಲ. ಗೇಟಿನ ಹೊರಗೆ ಸಾಲು ನಿಂತಿತು. ಮೊದಲು ಬಂದಾಕೆಯೇ ಆರು ಮೀಟರ್ ಕೇಳಿದಳು. ಮಕ್ಕಳೆಷ್ಟು ಎಂದೆ. ಒಬ್ಬಳೇ, ಆದರೆ ನಾದಿನಿಗೂ ಬೇಕು, ಪಕ್ಕದ ಮನೆಯವರಿಗೂ ಬೇಕು, ಆಮೇಲೆ ಸಿಗದಿದ್ದರೆ ಎಂದಳು. ಎರಡನೆಯವಳು ಎಂಟು ಮೀಟರ್. ಆ ಮುಖಗಳನ್ನು ನೋಡುತ್ತಾ ನಾನು ಮಾರ್ಚ್ ತಿಂಗಳ ದೋಹಾದಲ್ಲೇ ನಿಂತ ಹಾಗಾಯಿತು. ಅದೇ ಗಾಬರಿ, ಅದೇ ನುಗ್ಗಾಟ. ಇವತ್ತು ಕೇಳಿದಷ್ಟು ಕೊಟ್ಟರೆ ನಾಳೆ ಅರ್ಧ ಊರಿನ ಬಟ್ಟೆ ಕಪಾಟಿನಲ್ಲಿರುತ್ತದೆ, ಇನ್ನರ್ಧ ಊರಿನ ಮಕ್ಕಳಿಗೆ ಬಟ್ಟೆ ಇರುವುದಿಲ್ಲ, ನಾಡಿದ್ದು ಅದೇ ಕಪಾಟಿನದ್ದು ಹೊರಗೆ ಬಂದು ನನ್ನ ಥಾನಿಗೆ ಕೇಳುವವರಿರುವುದಿಲ್ಲ. ಕುರ್ಚಿಯ ಮೇಲೆ ಹತ್ತಿ ನಿಂತು ಹೇಳಿದೆ.

"ಬಟ್ಟೆ ಎಲ್ಲರಿಗೂ ಉಂಟು. ಆದ್ರೆ ಮಗುವನ್ನು ಕರ್ಕೊಂಡು ಬನ್ನಿ. ಎದುರಿಗೆ ನಿಲ್ಲಿಸಿ ಅಳತೆ ತೆಗೆದು ಅಷ್ಟೇ ಕತ್ತರಿಸಿ ಕೊಡ್ತೇನೆ."

ಗಲಾಟೆಯಾಯಿತು. ಇದೇನು ರೇಶನ್ ಅಂಗಡಿಯಾ ಎಂದರು. ಗಲ್ಫಿನಿಂದ ಬಂದವಳ ಜಂಬ ನೋಡಿ ಎಂದರು. ಒಬ್ಬ ಅಂಗಡಿಯವನು ಬಂದು, ಅಷ್ಟನ್ನೂ ನನಗೇ ಕೊಟ್ಟುಬಿಡಿ, ನಿಮಗೆ ಯಾಕೆ ಈ ಕಷ್ಟ ಎಂದ. ಅವನು ಕೊಡುತ್ತೇನೆಂದ ಬೆಲೆ ಕೇಳಿದರೆ ಅವನು ಮಾರುವ ಬೆಲೆ ಎಷ್ಟಿರಬಹುದೆಂದು ಅಂದಾಜಾಗುತ್ತಿತ್ತು. ಸಂಜೆ ಹಾಜಿಯವರು ಫೋನಿನಲ್ಲಿ, ಜನ ಸಾಲು ನಿಂತಿದ್ದಾರಲ್ಲ, ಸ್ವಲ್ಪ ಏರಿಸು ಎಂದರು. ಏರಿಸಿದರೆ ಮತ್ತೆ ಹೆದರುತ್ತಾರೆ, ಹೆದರಿದರೆ ಏನಾಗುತ್ತದೆ ಎಂದು ನೀವೂ ನೋಡಿದ್ದೀರಿ ಎಂದೆ. ಸರಿ, ನೋಡು ಎಂದು ಫೋನು ಇಟ್ಟರು. ಮೊದಲ ದಿನದ ಬೆಲೆಯನ್ನೇ ಕೊನೆಯವರೆಗೆ ಇಟ್ಟೆ. ಮಳೆ ಹಿಡಿಯಿತು, ಮಕ್ಕಳು ಕೊಡೆ ಬಿಡಿಸಿಕೊಂಡು ಬಂದು ಒದ್ದೆ ಕಾಲಲ್ಲಿ ಜಗಲಿಯಲ್ಲಿ ನಿಂತವು. ನಾನು ಸೊಂಟ ಅಳೆದೆ, ಉದ್ದ ಅಳೆದೆ, ಕತ್ತರಿಸಿ ಕೊಟ್ಟೆ. ಕತ್ತರಿ ಹಿಡಿದ ಹೆಬ್ಬೆರಳಿನಲ್ಲಿ ಗುಳ್ಳೆ ಎದ್ದು ಒಡೆಯಿತು. ಹೀಗೆ ಅಳೆದು ಕೊಟ್ಟದ್ದರಿಂದಲೇ ಇರಬೇಕು, ಯಾರೂ ಅರ್ಧದಲ್ಲಿ ಕೈಬಿಡಲಿಲ್ಲ, ಸಾಲು ಮೆಲ್ಲನೆ ಕರಗಿತು, ಥಾನುಗಳೂ ಅದರ ಜೊತೆಗೇ ಕರಗಿದವು. ಜೂನ್ ಮುಗಿಯುವ ಹೊತ್ತಿಗೆ ಜಗಲಿಯಲ್ಲಿ ಒಂದು ಥಾನಿನ ತುಂಡು ಮಾತ್ರ ಉಳಿದಿತ್ತು. ಹಾಜಿಯವರು ಹಾಕಿದ ಹಣ ಅವರಿಗೆ ತಿರುಗಿ ಹೋಯಿತು. ಅಷ್ಟು ಹಗುರಾದ ಮನಸ್ಸಿನಲ್ಲಿ ನಾನು ಆ ವರ್ಷ ಅದೊಂದೇ ಸಂಜೆ ಇದ್ದದ್ದು. ಪರದೆಯ ಬಟ್ಟೆಯನ್ನೂ ಇಲ್ಲೇ ಕೊಳ್ಳೋಣವೆಂದು ಅಕ್ಕನನ್ನು ಪೇಟೆಗೆ ಹೊರಡಿಸಿದೆ.

ಹೊರಡುವ ಮೊದಲು ಫೋನು ಬಂತು. ನಮ್ಮವರಲ್ಲ, ಹಾಜಿಯವರೇ. 

"ಜಯಂತಿ, ನನ್ನ ಅಂಗಡಿ ಉಳಿಸಿದ್ದು ನೀನು. ಅದನ್ನು ಯಾರ ಎದುರಿಗೂ ಹೇಳ್ತೇನೆ. ಆದ್ರೆ ಆ ಕೋಣೆ... ಈಗ ಇಲ್ಲಿ ಒಂದು ಮಂಚಕ್ಕೆ 'ನನಗೆ ಕೊಡಿ, ನನಗೆ ಕೊಡಿ' ಅಂತ ಹತ್ತು ಜನ ಬರ್ತಾರೆ. ಹಾಕಿದ್ದು ಬಂತು, ನಿಜ. ಮೊದಲಿನ ಲೋಡಿನಲ್ಲಿ ಉಳಿದದ್ದು ಐದು ರಿಯಾಲಿಗೆ ಕೊಟ್ಟು ಹೋಯಿತಲ್ಲ, ಗೋಡೌನ್ ಬಾಡಿಗೆ, ಲಾರಿ ಬಾಡಿಗೆ, ಅದೆಲ್ಲ ಎಲ್ಲಿಂದ ತುಂಬಲಿ? ಬ್ಯಾಚುಲರ್ಸಿಗೆ ಕೊಟ್ಟಿದ್ದೇನೆ."

ಪೇಟೆಗೆಂದು ಹಾಕಿಕೊಂಡಿದ್ದ ಚಪ್ಪಲಿಯನ್ನು ಕಳಚಿದೆ. ಅವರೇ ಮುಂದುವರಿಸಿದರು.

"ಅದರಲ್ಲಿ ಒಂದು ಮಂಚ ನಿನ್ನ ಗಂಡನಿಗೆ. ಅವನ ಹತ್ರ ಒಂದು ರಿಯಾಲ್ ತಗೊಳ್ಳುವುದಿಲ್ಲ."

ಜಗಳ ಮಾಡೋಣವೆಂದರೆ ಅವರ ಲೆಕ್ಕ ನನ್ನದೇ ಆಗಿತ್ತು. ಬೇಕಾದವರು ಹೆಚ್ಚು, ಕೋಣೆ ಕಡಿಮೆ, ಆದ್ದರಿಂದ ಬೆಲೆ ಏರಿತು. ಇಷ್ಟು ತಿಂಗಳು ನಾನು ಅದನ್ನೇ ಬಾಯಿಪಾಠ ಮಾಡಿದ್ದೆ, ಬೇರೆಯವರಿಗೂ ಹೇಳಿದ್ದೆ. ಅರ್ಥವಾಯಿತು, ಚೆನ್ನಾಗಿಯೇ ಅರ್ಥವಾಯಿತು. ಆದರೆ ಅರ್ಥವಾದರೆ ಹೊಟ್ಟೆಯ ಉರಿ ಆರುವುದಿಲ್ಲ. ಹಾಜಿಯವರ ಮೇಲೆ, ಆ ಊರಿನ ಮೇಲೆ, ಆ ಮಂಚವನ್ನು ಬೇಡ ಎನ್ನದ ನನ್ನ ಗಂಡನ ಮೇಲೆ ನನಗೆ ಆದ ಸಿಟ್ಟು ಇಷ್ಟು ವರ್ಷಗಳ ಮೇಲೂ ಪೂರ್ತಿ ಹೋಗಿಲ್ಲ. ಆಮೇಲೆ ನಮ್ಮವರು ಫೋನಿಗೆ ಬಂದರು. ಜೂನ್ ಕೊನೆಗೆ ಮನೆ ಬಿಟ್ಟುಕೊಡಬೇಕು, ಸಾಮಾನು ಮಾರಬೇಕು, ಮೆಶಿನ್ನನ್ನು ಯಾರ ಕೈಯಲ್ಲಾದರೂ ಕಳಿಸುತ್ತೇನೆ ಎಂದರು. ಗೊಂಬೆ ಎಂದೆ. ಅದನ್ನೂ ಕಳಿಸುತ್ತೇನೆ ಎಂದರು. 

ವನಜಕ್ಕ ಕಾನ್ವೆಂಟಿನ ಸಿಸ್ಟರ್ ಹತ್ತಿರ ಮಾತಾಡಿ ಒಂದು ಸೀಟು ಕೇಳಿ ಬಂದಳು. ಸೋಮವಾರದಿಂದ ಬರಬಹುದು, ಯೂನಿಫಾರ್ಮ್ ಇರಬೇಕು ಎಂದಿದ್ದರು. ಜಗಲಿಯಲ್ಲಿ ಉಳಿದಿದ್ದ ತುಂಡನ್ನು ಬಿಡಿಸಿ, ಅನುಷಾಳನ್ನು ಕರೆದು, ಬೇರೆ ಮಕ್ಕಳನ್ನು ನಿಲ್ಲಿಸಿದ ಜಾಗದಲ್ಲೇ ನಿಲ್ಲಿಸಿದೆ. ಸೊಂಟ ಅಳೆದೆ, ಉದ್ದ ಅಳೆದೆ. ಕೆಂಪು ಗೆರೆ ನೆರಿಗೆಯ ಮೇಲೆ ಬರುವ ಹಾಗೆ ಚಾಕ್ ಎಳೆದೆ. ಅಕ್ಕನ ಮೆಶಿನ್ನಿನಲ್ಲಿ ಹೊಲಿದು, ಕೆಳಗಿನ ಅಂಚನ್ನು ಕೈಹೊಲಿಗೆ ಹಾಕಲು ಮಡಚಿದಾಗ ಅವಳು ಬಗ್ಗಿ ನೋಡಿದಳು. ಮಡಿಕೆ ನಾಲ್ಕು ಬೆರಳು ಅಗಲ ಇತ್ತು. ದೋಹಾದಲ್ಲಿ ಹೊಲಿದ ಯಾವ ಸ್ಕರ್ಟಿಗೂ ನಾನು ಅಷ್ಟು ಬಿಟ್ಟಿರಲಿಲ್ಲ.

"ಇಷ್ಟು ದೊಡ್ಡ ಮಡಿಕೆ ಯಾಕಮ್ಮ? ನಾವು ದಸರಾಕ್ಕೆ ಅಪ್ಪನ ಹತ್ರ ಹೋಗ್ತೇವಲ್ಲ?"

ಸೂಜಿಗೆ ದಾರ ಏರಿಸಲು ಆಗಲಿಲ್ಲ, ಕಣ್ಣು ತುಂಬಿತ್ತು. ದಾರದ ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ ಮತ್ತೆ ಏರಿಸಿದೆ.

"ಇರ್ಲಿ ಮಗಾ," ಎಂದೆ. "ಬರುವ ವರ್ಷ ಬಿಚ್ಚಿ ಉದ್ದ ಮಾಡ್ಲಿಕ್ಕೆ ಆಗ್ತದೆ."